ಹಳೇ ಲ್ಯಾಪ್‌ಟಾಪ್, ಲಿನಕ್ಸ್ ಮತ್ತು ನುಡಿ ಕಡತಗಳು

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ಹೆಸರು ನೋಂದಾಯಿಸಿದವರಿಗೆ ಇನ್ನೊಂದು ವರ್ಷ ಭದ್ರತೆಯ ತೇಪೆಗಳು ಸಿಗುತ್ತವೆ, ಅಷ್ಟೆ. ವಿಂಡೋಸ್ 11 ಹಾಕಿಸೋಣವೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 2017ರಲ್ಲಿ ಬಂದ ಎಂಟನೇ ತಲೆಮಾರಿನದೋ ಅದಕ್ಕಿಂತ ಹೊಸದೋ ಆಗಿರಬೇಕು. ಬೀದರ್ ಜಿಲ್ಲೆಯ ನಿರ್ಣಾದಂಥ ಊರಿನಲ್ಲಿ, ಝೆರಾಕ್ಸ್ ಅಂಗಡಿಯಲ್ಲೋ ಕಾಲೇಜಿಗೆ ಹೋಗುವ ಹುಡುಗಿಯ ಮನೆಯಲ್ಲೋ ಇರುವ ಲ್ಯಾಪ್‌ಟಾಪ್ ಸೆಕೆಂಡ್ ಹ್ಯಾಂಡ್ ಆಗಿರುವುದೇ ಹೆಚ್ಚು. ಅದರ ಪರದೆ ಬೆಳಗುತ್ತದೆ, ಕೀಲಿಮಣೆ ಒತ್ತಿದರೆ ಅಕ್ಷರ ಮೂಡುತ್ತದೆ, ಪ್ರೊಸೆಸರ್ ಸವೆದಿಲ್ಲ. ಆದರೂ ಅದನ್ನು ಗುಜರಿ ಎನ್ನಬೇಕಂತೆ. ಈ ಮಾತು ನನಗೆ ಒಪ್ಪಿಗೆಯಿಲ್ಲ.

ಆಪರೇಟಿಂಗ್ ಸಿಸ್ಟಂ ಎಂದರೆ ಕಣ್ಣಿಗೆ ಕಾಣುವ ಐಕಾನು, ಕಿಟಕಿಗಳೆಂದೇ ಹಲವರ ಎಣಿಕೆ. ಅಸಲು ದುಡಿಮೆ ಒಳಗಿರುವ ಕರ್ನಲ್‌ನದು. ಬ್ರೌಸರ್, ಹಾಡು, ಪ್ರಿಂಟು ಮೂರೂ ಒಟ್ಟಿಗೆ ಪ್ರೊಸೆಸರ್ ಕೇಳಿದಾಗ ಕರ್ನಲ್ ಒಂದೊಂದಕ್ಕೂ ಕೆಲವು ಮಿಲಿಸೆಕೆಂಡ್ ಕೊಟ್ಟು ಪಾಳಿ ಹಚ್ಚುತ್ತದೆ. ಪಾಳಿ ಬದಲಾಗುವುದು ನಮಗೆ ಗೊತ್ತಾಗುವುದೇ ಇಲ್ಲ. ಯಾವ ಪ್ರೋಗ್ರಾಮಿಗೆ ಎಷ್ಟು ರ‍್ಯಾಮ್ ಎಂದು ಹಂಚುವುದೂ ಅದೇ. ವೈಫೈ ಚಿಪ್, ಪ್ರಿಂಟರ್, ಕ್ಯಾಮೆರಾಗಳ ಜೊತೆ ಮಾತಾಡಲು ಒಂದೊಂದಕ್ಕೂ ಡ್ರೈವರ್ ಎಂಬ ಪುಟ್ಟ ತಂತ್ರಾಂಶ ಬೇಕು. ಹಳೆಯ ಯಂತ್ರದ ಆಯುಷ್ಯ ನಿಂತಿರುವುದು ಈ ಡ್ರೈವರುಗಳ ಮೇಲೆ. ಕಂಪನಿ ಡ್ರೈವರನ್ನು ಪರಿಷ್ಕರಿಸುವುದು ಬಿಟ್ಟರೆ, ಗಟ್ಟಿಮುಟ್ಟಾದ ಸ್ಕ್ಯಾನರ್ ಕೂಡ ಮೂಕವಾಗುತ್ತದೆ.

ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ ಬಹುಪಾಲು ಡ್ರೈವರುಗಳು ಕರ್ನಲ್‌ನ ಮೂಲಸಂಕೇತದ ಒಳಗೇ ಇರುತ್ತವೆ, ಆ ಸಂಕೇತ ಯಾರಿಗೆ ಬೇಕಾದರೂ ತೆರೆದಿರುತ್ತದೆ. ತಯಾರಕರು ಕೈಬಿಟ್ಟರೂ ಬಳಸುವವರಿದ್ದರೆ ಯಾರೋ ಒಬ್ಬರು ಅದನ್ನು ರಿಪೇರಿ ಮಾಡುತ್ತ ಹೋಗಬಹುದು. ಹಾಗೆಂದು ಇಲ್ಲಿ ಮುಪ್ಪೇ ಇಲ್ಲವೆಂದಲ್ಲ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಲಿನಕ್ಸ್ ಬರೆದದ್ದು ಇಂಟೆಲ್ 386 ಚಿಪ್ ಇದ್ದ ಕಂಪ್ಯೂಟರಿನ ಮೇಲೆ. 1985ರಲ್ಲಿ ಬಂದ ಆ ಚಿಪ್ಪಿನ ಬೆಂಬಲವನ್ನು ಲಿನಕ್ಸ್ ತೆಗೆದುಹಾಕಿದ್ದು 2012ರ ಡಿಸೆಂಬರಿನಲ್ಲಿ. ತಾನು ಹುಟ್ಟಿದ ಮನೆಯನ್ನೇ ಬಿಟ್ಟಿತು ನಿಜ, ಆದರೆ ಇಪ್ಪತ್ತೇಳು ವರ್ಷದ ಚಿಪ್ ಅದು! ನಮ್ಮ ಹತ್ತು ವರ್ಷದ ಲ್ಯಾಪ್‌ಟಾಪ್ ಅದರ ಮುಂದೆ ಕೂಸು.

ಲಿನಕ್ಸ್ ಮಿಂಟ್ ಎಂಬ ಸಿದ್ಧ ಲಿನಕ್ಸ್ ಆವೃತ್ತಿಗೆ ಕನಿಷ್ಠ 2 ಜಿಬಿ ರ‍್ಯಾಮ್ ಸಾಕು. 4 ಜಿಬಿ ಇದ್ದರೆ ಆರಾಮ. 8 ಜಿಬಿಯ ಪೆನ್‌ಡ್ರೈವಿಗೆ ಅದನ್ನು ಬರೆದುಕೊಂಡು, ಆನ್ ಮಾಡುವಾಗ ಎಫ್12 ಒತ್ತಿ (ಕೆಲವು ಕಂಪನಿಗಳಲ್ಲಿ ಬೇರೆ ಕೀಲಿ) ಪೆನ್‌ಡ್ರೈವಿನಿಂದಲೇ ಶುರು ಮಾಡಬಹುದು. ಇಡೀ ವ್ಯವಸ್ಥೆ ಪೆನ್‌ಡ್ರೈವ್ ಮತ್ತು ರ‍್ಯಾಮಿನಲ್ಲೇ ಓಡುತ್ತದೆ. ಇನ್‌ಸ್ಟಾಲ್ ಒತ್ತುವವರೆಗೂ ಅದು ಹಾರ್ಡ್‌ಡಿಸ್ಕಿಗೆ ಕೈ ಹಚ್ಚುವುದಿಲ್ಲ. ವೈಫೈ ಹಿಡಿಯುತ್ತದೋ, ಸದ್ದು ಬರುತ್ತದೋ, ಪ್ರಿಂಟ್ ಬೀಳುತ್ತದೋ ಎಲ್ಲವನ್ನೂ ಹೀಗೆ ನೋಡಿಕೊಂಡ ಮೇಲೆಯೇ ಮುಂದಿನ ಹೆಜ್ಜೆ. ತಿರುಗುವ ಹಾರ್ಡ್‌ಡಿಸ್ಕನ್ನು ಯಾವ ಲಿನಕ್ಸೂ ವೇಗವಾಗಿ ಓಡಿಸಲಾರದು; ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮೊದಲು ಅದರ ಬದಲು ಎಸ್‌ಎಸ್‌ಡಿ ಹಾಕಿಸಿ. ಇನ್ನು ಪ್ರಿಂಟ್ ಅಂಗಡಿಯಿಂದ ಪೆನ್‌ಡ್ರೈವಿಗೆ ಅಂಟಿಕೊಂಡು ಬಂದು, ಫೋಲ್ಡರನ್ನೆಲ್ಲ ಶಾರ್ಟ್‌ಕಟ್ ಮಾಡಿಬಿಡುವ ವೈರಸ್ ಇದೆಯಲ್ಲ, ಅದು ವಿಂಡೋಸಿಗೆಂದೇ ಬರೆದದ್ದು. ಲಿನಕ್ಸ್‌ನಲ್ಲಿ ಅದು ಸುಮ್ಮನೆ ಬಿದ್ದಿರುತ್ತದೆ, ಅದು ಬಚ್ಚಿಟ್ಟ ಫೋಲ್ಡರುಗಳೂ ಸಾಮಾನ್ಯವಾಗಿ ಹಾಗೇ ಕಾಣುತ್ತವೆ.

ಇಷ್ಟೆಲ್ಲ ಸಲೀಸಾಗಿದ್ದರೂ ನಮ್ಮ ಕಡೆಯ ಜನ ಎಡವುವುದು ಬೇರೆ ಕಡೆ: ಕನ್ನಡದ ಹಳೆಯ ಕಡತಗಳಲ್ಲಿ. ಹತ್ತು-ಹದಿನೈದು ವರ್ಷದ ಅರ್ಜಿ, ಠರಾವು, ಪ್ರಶ್ನೆಪತ್ರಿಕೆ, ಮದುವೆ ಕಾರ್ಡುಗಳೆಲ್ಲ ನುಡಿ ಅಥವಾ ಬರಹ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿವೆ. ಆ ಫಾಂಟುಗಳು ಒಂದು ಜಾಣ ಉಪಾಯದ ಮೇಲೆ ನಿಂತಿದ್ದವು. ಕಂಪ್ಯೂಟರಿಗೆ ಆಗ ಗೊತ್ತಿದ್ದದ್ದು ಇಂಗ್ಲಿಷ್ ಮತ್ತು ಯುರೋಪಿನ ಕೆಲವು ಚಿಹ್ನೆಗಳು. ಆ ಚಿಹ್ನೆಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಬಿಡಿಸಿಟ್ಟರು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಕಡತದೊಳಗೆ ಕೂರುವುದು ಏಳು ಚಿಹ್ನೆ: ಕಕಾರದ ಒಡಲಿಗೆ ಇಂಗ್ಲಿಷಿನ ಪಿ, ನಕಾರದ್ದಕ್ಕೆ ಬ್ರಿಟಿಷ್ ಪೌಂಡಿನ ಗುರುತು, ನ ಒತ್ತಿಗೆ ಜರ್ಮನ್ ಭಾಷೆಯ ಒಂದು ಅಕ್ಷರ, ತಲೆಕಟ್ಟಿಗೆ ಬೇರೊಂದು ಚಿಹ್ನೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಪೌಂಡು ಡಾಲರಿನ ಗೊಂದಲ. ಲಿನಕ್ಸ್ ಹಾಕಿದ ದಿನ ಕಡತ ಹಾಳಾಯಿತೆಂದು ಹೌಹಾರುವುದು ಇದನ್ನು ಕಂಡೇ. ಕಡತಕ್ಕೆ ಏನೂ ಆಗಿರುವುದಿಲ್ಲ, ಫಾಂಟ್ ಇಲ್ಲ ಅಷ್ಟೆ.

ಯೂನಿಕೋಡ್ ಕನ್ನಡಕ್ಕೆ ತನ್ನದೇ 128 ಮನೆಗಳನ್ನು ಕೊಟ್ಟಿದೆ. ನಿರ್ಣಾ ಎಂಬ ಊರ ಹೆಸರನ್ನೇ ನೋಡಿ. ಕಡತದಲ್ಲಿ ಅದು ಆರು ಸಂಕೇತ: ನ, ಗುಡಿಸು, ರ, ಹಲಂತ, ಣ, ದೀರ್ಘ. ಉಚ್ಚರಿಸುವ ಕ್ರಮದಲ್ಲೇ ರಕಾರ ಮೊದಲು, ಣಕಾರ ಆಮೇಲೆ. ಪರದೆಯ ಮೇಲೆ ಮಾತ್ರ ಅದು ಅರ್ಕಾವತ್ತಾಗಿ ಣಾದ ಆಚೆಗೆ ಹೋಗಿ ನಿಲ್ಲಬೇಕು. ಈ ಜಾಗ ಬದಲಾವಣೆ ಮಾಡುವುದಕ್ಕೆಂದೇ ಅಕ್ಷರ ಜೋಡಿಸುವ ತಂತ್ರಾಂಶವಿದೆ. ವಿಂಡೋಸಿಗೆ ತನ್ನದೇ ಒಂದಿದೆ. ಲಿನಕ್ಸ್‌ನಲ್ಲಿ ಆ ಕೆಲಸ ಮಾಡುವ ಹಾರ್ಫ್‌ಬಝ್ ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಫೋನಿನಲ್ಲಿ ನೀವು ಓದುವ ಕನ್ನಡವನ್ನು ಜೋಡಿಸಿಕೊಡುವುದೂ ಅದೇ. ಕನ್ನಡದ ಜೊತೆ ಉರ್ದು, ಮರಾಠಿ, ತೆಲುಗು ಕೂಡ ಓಡಾಡುವ ಬೀದರಿನಲ್ಲಿ, ಒಂದೇ ಪುಟದಲ್ಲಿ ಬಲದಿಂದ ಎಡಕ್ಕೆ ಉರ್ದು, ಎಡದಿಂದ ಬಲಕ್ಕೆ ಕನ್ನಡ ಬರೆದರೂ ಲಿನಕ್ಸ್ ತಬ್ಬಿಬ್ಬಾಗುವುದಿಲ್ಲ.

ಆದ್ದರಿಂದ ಲಿನಕ್ಸಿಗೆ ಹೊರಡುವವರು ಮೊದಲು ಮಾಡಬೇಕಾದದ್ದು ವಿಂಡೋಸಿನಲ್ಲಿದ್ದಾಗಲೇ ಹಳೆಯ ಕಡತಗಳನ್ನು ಯೂನಿಕೋಡಿಗೆ ಬದಲಿಸುವುದು. ಅದಕ್ಕೆ ಪರಿವರ್ತಕಗಳಿವೆ. ಅರವಿಂದ ವಿ.ಕೆ. ಅವರು ಮುಕ್ತ ತಂತ್ರಾಂಶವಾಗಿಯೇ ಒಂದನ್ನು ಮಾಡಿಕೊಟ್ಟಿದ್ದಾರೆ. ಗುಬ್ಬಿ, ನವಿಲು ಎಂಬ ಯೂನಿಕೋಡ್ ಫಾಂಟುಗಳೂ ಅವರವೇ. ಬೆರಳಿನ ಅಭ್ಯಾಸ ಕೆಡುವ ಭಯ ಬೇಡ. ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲಿ ನಾವು ಒತ್ತುವ ಕೀಲಿಗಳ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಕೂತಿದೆ.

ಇದೆಲ್ಲ ಹವ್ಯಾಸಿಗಳ ಆಟವೆನ್ನುವವರು ಕೇರಳದ ಕಾಸರಗೋಡಿನ ಕಡೆ ನೋಡಬೇಕು. ಕೇರಳ 2001ರಲ್ಲಿ ಆರಂಭಿಸಿದ ಐಟಿ ಅಟ್ ಸ್ಕೂಲ್ ಯೋಜನೆ ಅದೇ ದಶಕದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠವನ್ನು ಲಿನಕ್ಸಿಗೆ ತಂದಿತು. 2017ರಿಂದ ಕೈಟ್ ಎಂಬ ಸರ್ಕಾರಿ ಕಂಪನಿ ಅದನ್ನು ನಡೆಸುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಕನ್ನಡದಲ್ಲಿ ಅಚ್ಚಾದ ಪಠ್ಯ ಹಿಡಿದು ಅದರಲ್ಲೇ ಕಲಿಯುತ್ತಾರೆ.

ಹಾಗಂತ ಎಲ್ಲರೂ ಬದಲಿಸಿರೆಂದು ನಾನು ಹೇಳುವುದಿಲ್ಲ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ, 2001ರಲ್ಲಿ ಬಂದ ಪೇಜ್‌ಮೇಕರ್ 7ರಲ್ಲೇ ಇಂದಿಗೂ ಕಾರ್ಡು ಮಾಡುವ ಡಿಟಿಪಿಯವರಿಗೆ ಲಿನಕ್ಸ್ ತಲೆನೋವಾದೀತು. ಬೆರಳಚ್ಚು ತೆಗೆದುಕೊಳ್ಳುವ ಸೇವಾ ಕೇಂದ್ರಗಳದ್ದು ಇನ್ನೊಂದು ತೊಡಕು. ಆ ಪುಟ್ಟ ಸ್ಕ್ಯಾನರಿಗೂ ಅದನ್ನು ಬಳಸುವ ಸೇವೆಗೂ ಬೇಕಾದ ತಂತ್ರಾಂಶ ಸಾಮಾನ್ಯವಾಗಿ ವಿಂಡೋಸಿನದೇ. ಅಂಗಡಿಯಲ್ಲಿ ಎರಡು ಯಂತ್ರಗಳಿದ್ದರೆ ಬೆರಳಚ್ಚಿನದನ್ನು ವಿಂಡೋಸಿನಲ್ಲೇ ಬಿಡಿ, ಅರ್ಜಿ ಟೈಪು ಮಾಡಿ ಪ್ರಿಂಟ್ ತೆಗೆಯುವ ಹಳೆಯದಕ್ಕೆ ಲಿನಕ್ಸ್ ಹಾಕಿ.