ಇಪ್ಪತ್ತು ಜೂಲಿನ ಬಂದೂಕು

ಜಮಖಂಡಿ, ಬನಹಟ್ಟಿ ಸೀಮೆಯ ದೊಡ್ಡ ಜಾತ್ರೆಗಳಲ್ಲಿ ಬಂದೂಕಿನಿಂದ ಪುಗ್ಗಾ (ಬಲೂನು) ಹೊಡೆಯುವ ಅಂಗಡಿಗೆ ಗಿರಾಕಿ ತಪ್ಪುವುದಿಲ್ಲ. ಉಸಿರು ಬಿಗಿಹಿಡಿದು ಗುರಿಯಿಟ್ಟವನ ಈಡು ಹಲಗೆಗೆ ಹೋಗಿ ಬಡಿಯುತ್ತದೆ, ನಗುತ್ತ ಹೊಡೆದ ಹುಡುಗಿಗೆ ಪುಗ್ಗಾ ಒಡೆಯುತ್ತದೆ. ಅಂಗಡಿಯವನು ಗುರಿ ನೋಡುವ ಸೈಟನ್ನು ಬೇಕಂತಲೇ ಬಗ್ಗಿಸಿಟ್ಟಿದ್ದಾನೆ ಎಂದು ಜನ ಗುಮಾನಿಪಡುತ್ತಾರೆ. ಇದ್ದರೂ ಇರಬಹುದು. ಆದರೆ ಅವನು ಏನೂ ಮಾಡದಿದ್ದರೂ ಆ ಬಂದೂಕು ಗುರಿ ತಪ್ಪಲೇಬೇಕು. ದಿನಕ್ಕೆ ನೂರಾರು ಸಲ ಮಡಚಿ ಮಡಚಿ ನಳಿಗೆಯ ಕೀಲು ಸಡಿಲಾಗಿರುತ್ತದೆ. ಸೈಟ್ ನಳಿಗೆಯ ತುದಿಗೊಂದು, ಹಿಂಬದಿಯ ಕೊಳವೆಯ ಮೇಲೊಂದು. ಪ್ರತಿ ಸಲ ಮಡಚಿ ನೆಟ್ಟಗೆ ಮಾಡಿದಾಗಲೂ ನಳಿಗೆ ಕೂದಲೆಳೆಯಷ್ಟು ಬೇರೆ ಜಾಗದಲ್ಲಿ ಕೂರುತ್ತದೆ. ಈಡು ತಪ್ಪುವುದಕ್ಕೆ ಅಷ್ಟು ಸಾಕು.

ಈ ಜಾತ್ರೆಯ ಬಂದೂಕಿನ ಹೊಸ ತಮ್ಮನೇ ‘ಕಡಿಮೆ ದರದಲ್ಲಿ ಒಳ್ಳೆ ರೈಫಲ್ ಯಾವುದು?’ ಎಂದು ಕೇಳುವವರಿಗೆ ಸಿಗುವ ಉತ್ತರ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ನಳಿಗೆಯ ವ್ಯಾಸ 0.177 ಇಂಚು, ಅಂದರೆ 4.5 ಮಿಲಿಮೀಟರ್ ಮೀರದ, ನಳಿಗೆ ಬಿಡುವಾಗ ಗುಂಡಿನ ಶಕ್ತಿ 20 ಜೂಲ್ ದಾಟದ ಗಾಳಿ ಬಂದೂಕಿಗೆ ಲೈಸೆನ್ಸ್ ಬೇಡ. ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. ಮದ್ದಿನ ಬಂದೂಕು ಬೇಕೆಂದರೆ ಪೊಲೀಸ್ ವರದಿ, ಜಿಲ್ಲಾಧಿಕಾರಿ ಕಚೇರಿ ಎಂದು ಬಾಗಲಕೋಟೆಗೆ ಅಲೆಯಬೇಕು.

ಒಳಗಿನ ಯಂತ್ರ ಬಹಳ ಸರಳ. ನಳಿಗೆಯನ್ನು ಮಡಚಿದಾಗ ಹಿಂದಿನ ಕೊಳವೆಯಲ್ಲಿರುವ ಪಿಸ್ಟನ್ ಹಿಂದಕ್ಕೆ ಸರಿದು ದಪ್ಪ ಸ್ಪ್ರಿಂಗನ್ನು ಒತ್ತಿ ಹಿಡಿಯುತ್ತದೆ. ಟ್ರಿಗರ್ ಎಳೆದೊಡನೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತದೆ, ಅದರ ಮುಂದಿದ್ದ ಗಾಳಿ ಕ್ಷಣಮಾತ್ರದಲ್ಲಿ ಒತ್ತಡಕ್ಕೆ ಸಿಕ್ಕಿ ಬಿಸಿಯಾಗಿ ಛರ್ರೆಯನ್ನು, ಅಂದರೆ ಸಣ್ಣ ಗುಂಡನ್ನು, ಹೊರಗೆ ತಳ್ಳುತ್ತದೆ. ಅರ್ಧ ಗ್ರಾಂ ತೂಕದ ಸೀಸದ ಛರ್ರೆ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಏಳು ಜೂಲ್ ಚಿಲ್ಲರೆ. ಹತ್ತು ಮೀಟರ್ ದಾಟುವುದಕ್ಕೆ ಅದಕ್ಕೆ ಒಂದು ಸೆಕೆಂಡಿನ ಹದಿನಾರನೇ ಒಂದು ಪಾಲು ಬೇಕು. ಅಷ್ಟರಲ್ಲೇ ಭೂಮಿ ಅದನ್ನು ಸುಮಾರು ಒಂದೂಮುಕ್ಕಾಲು ಸೆಂಟಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ಹಿಂದಿನ ಸೈಟನ್ನು ಏರಿಸಿ ಇಳಿಸುವ ತಿರುಪು ಇರುವುದು ಈ ಲೆಕ್ಕ ಸರಿದೂಗಿಸುವುದಕ್ಕೆ.

ರೈಫಲ್ ಎನ್ನಿಸಿಕೊಳ್ಳಬೇಕಾದರೆ ನಳಿಗೆಯ ಒಳಗೋಡೆಯಲ್ಲಿ ಸುರುಳಿ ಗೀರುಗಳಿರಬೇಕು. ಸುಮಾರು 45 ಸೆಂಟಿಮೀಟರಿಗೆ ಒಂದು ಸುತ್ತಿನಂತೆ ಗೀರು ತಿರುಗಿದ್ದರೆ ನಮ್ಮ ಛರ್ರೆ ಹೊರಬೀಳುವಾಗ ನಿಮಿಷಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಗಿರಕಿ ಹೊಡೆಯುತ್ತಿರುತ್ತದೆ. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ ಅದೂ ಗಾಳಿಯಲ್ಲಿ ಮಗುಚಿಕೊಳ್ಳದೆ ಮೂತಿ ಮುಂದಾಗಿಯೇ ಹೋಗುತ್ತದೆ. ಆದರೆ ಗೀರು ಇದ್ದರಷ್ಟೇ ಸಾಲದು, ಛರ್ರೆ ಅದನ್ನು ಕಚ್ಚಬೇಕು. ಒಂದು ಛರ್ರೆಯನ್ನು ಅಂಗೈ ಮೇಲಿಟ್ಟುಕೊಂಡು ನೋಡಿ: ಮುಂದೆ ಗಟ್ಟಿ ತಲೆ, ನಡುವೆ ಸಣ್ಣ ಸೊಂಟ, ಹಿಂದೆ ತೆಳ್ಳಗಿನ ಟೊಳ್ಳು ಲಂಗ. ಹಿಂದಿನಿಂದ ಗಾಳಿ ಒತ್ತಿದಾಗ ಮೆತ್ತನೆಯ ಸೀಸದ ಲಂಗ ಅರಳಿ ಗೀರುಗಳಿಗೆ ಅಂಟಿಕೊಳ್ಳುತ್ತದೆ. ಗಾಳಿ ಸೋರುವುದಿಲ್ಲ, ತಿರುಗುವುದು ತಪ್ಪುವುದಿಲ್ಲ.

ಟೊಳ್ಳು ಬುಡದ ಈ ಉಪಾಯ ಹಿಂದೊಮ್ಮೆ ಇಡೀ ದೇಶವನ್ನೇ ಅಲುಗಿಸಿತ್ತು. ಹಳೆಯ ಸಿಪಾಯಿ ಬಂದೂಕಿನ ನಳಿಗೆ ಒಳಗೆ ನುಣುಪು. ಬಾಯಿಯಿಂದ ಮದ್ದು, ಗುಂಡು ತುಂಬುವುದು ಸುಲಭ, ಗುರಿ ಮಾತ್ರ ದೇವರೇ ಗತಿ. ಗೀರಿನ ನಳಿಗೆಗೆ ಬಿಗಿಯಾದ ಗುಂಡು ಬಾಯಿಯಿಂದ ಇಳಿಯದು, ಸಡಿಲಾದದ್ದು ಗೀರನ್ನು ಹಿಡಿಯದು. 1849ರ ಹೊತ್ತಿಗೆ ಫ್ರಾನ್ಸಿನ ಮಿನಿಯೆ ಎಂಬ ಸೇನಾಧಿಕಾರಿ ಬುಡ ಟೊಳ್ಳಾದ ಗುಂಡನ್ನು ರೂಪಿಸಿದ. ಇಳಿಯುವಾಗ ಸಡಿಲು, ಸಿಡಿದಾಗ ಅರಳಿ ಬಿಗಿ. ಇಂಗ್ಲಿಷರ 1853ರ ಎನ್‌ಫೀಲ್ಡ್ ರೈಫಲ್ ನಿಂತದ್ದು ಇದರ ಮೇಲೆ. ಗುಂಡು ಜಾರಿ ಇಳಿಯಲೆಂದು ಅದರ ಕಾಗದದ ಹೊದಿಕೆಗೆ ಜಿಡ್ಡು ಸವರುತ್ತಿದ್ದರು. ಆ ಜಿಡ್ಡು ದನದ್ದೋ ಹಂದಿಯದೋ ಎಂಬ ಸಂಶಯದಿಂದ 1857ರಲ್ಲಿ ಸಿಪಾಯಿಗಳು ದಂಗೆಯೆದ್ದದ್ದನ್ನು ಶಾಲೆಯಲ್ಲಿ ಓದಿದ್ದೇವೆ.

ಅದರ ಝಳ ಮುಧೋಳ ಸಂಸ್ಥಾನದ ಹಲಗಲಿಗೂ ಬಡಿಯಿತು. ದಂಗೆಗೆ ಹೆದರಿದ ಕಂಪನಿ ಸರ್ಕಾರ ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆ ತಂದಾಗ ಹಲಗಲಿಯ ಬೇಡರು ಒಪ್ಪಲಿಲ್ಲ. ಜಡಗ, ಬಾಲ, ಹನುಮ, ರಾಮರ ಮುಂದಾಳುತನದಲ್ಲಿ ತಿರುಗಿಬಿದ್ದರು. ನವೆಂಬರ್ ಕೊನೆಗೆ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕ ಹಲವರನ್ನು ಡಿಸೆಂಬರಿನಲ್ಲಿ ಮುಧೋಳ, ಹಲಗಲಿಗಳಲ್ಲಿ ಗಲ್ಲಿಗೇರಿಸಿದರು. ಈ ಕಥೆಯ ಲಾವಣಿಯನ್ನು ಬರೆದಿಟ್ಟುಕೊಂಡು ಪ್ರಕಟಿಸಿದವರು ಇಂಗ್ಲಿಷ್ ಅಧಿಕಾರಿಯೇ ಆದ ಜೆ.ಎಫ್. ಫ್ಲೀಟ್. ನಾಲ್ಕು ವರ್ಷ ಕಳೆಯುವುದರೊಳಗೆ, 1861ರಲ್ಲಿ, ಅದೇ ಇಂಗ್ಲಿಷರು ಕೊಡವರಿಗೆ ಆಯುಧ ಕಾಯಿದೆಯಿಂದ ವಿನಾಯಿತಿ ಕೊಟ್ಟರು. ಅದು ಇಂದಿಗೂ ನಡೆದಿದೆ. ಆಳುವವರಿಗೆ ಯಾರ ಕೈಯಲ್ಲಿ ಬಂದೂಕಿದ್ದರೆ ಭಯ, ಯಾರ ಕೈಯಲ್ಲಿದ್ದರೆ ಅಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇರಲಿ, ಇಪ್ಪತ್ತು ಜೂಲಿಗೆ ಬರೋಣ. ಬಂದೂಕು ಕೊಂಡ ತಿಂಗಳೊಪ್ಪತ್ತಿನಲ್ಲಿ ‘ಜೋರು ಸಾಲದು’ ಅನ್ನಿಸುತ್ತದೆ. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಯಾವ ಬಿಡಿಭಾಗವನ್ನಾದರೂ ಮಾಡಿಕೊಡುವ ಕೈಗಳಿವೆ, ಒಂದು ಗಟ್ಟಿ ಸ್ಪ್ರಿಂಗ್ ಹಾಕಿಸಿದರಾಯಿತು ಎಂದು ಮನಸ್ಸು ಓಡುತ್ತದೆ. ಇದು ಹಣ ಕೊಟ್ಟು ಬಂದೂಕು ಕೆಡಿಸಿಕೊಳ್ಳುವ ದಾರಿ. ಟ್ರಿಗರ್ ಎಳೆದಾಗ ಭಾರದ ಪಿಸ್ಟನ್ ಮುಂದಕ್ಕೆ ಧಾವಿಸುತ್ತದೆ, ಬಂದೂಕು ಹಿಂದಕ್ಕೆ ಸರಿಯುತ್ತದೆ. ಕೊನೆಯಲ್ಲಿ ಪಿಸ್ಟನ್ ತಟ್ಟನೆ ನಿಂತಾಗ ಬಂದೂಕು ಮುಂದಕ್ಕೆ ಎಗರುತ್ತದೆ. ಈ ಕುಲುಕಾಟ ನಡೆಯುವಾಗ ಛರ್ರೆ ಇನ್ನೂ ನಳಿಗೆಯೊಳಗೇ ಇರುತ್ತದೆ. ಸ್ಪ್ರಿಂಗ್ ಗಟ್ಟಿಯಾದಷ್ಟೂ ಕುಲುಕಾಟ ಹೆಚ್ಚು, ಗುರಿ ಅಷ್ಟಕ್ಕಷ್ಟೆ. ಮಿತಿ ದಾಟಿದರೆ ಅದು ಲೈಸೆನ್ಸಿಲ್ಲದ ಆಯುಧ. ಮಗ್ಗಕ್ಕೆ ಬಿಡುವ ಎಣ್ಣೆಯನ್ನು ಕೊಳವೆಗೆ ಸುರಿಯುವುದೂ ಬೇಡ. ಒತ್ತಿದ ಗಾಳಿಯ ಬಿಸಿಗೆ ಎಣ್ಣೆ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಂಡಂತೆ ಹೊತ್ತಿ ಸಿಡಿಯುತ್ತದೆ, ಪಿಸ್ಟನ್ನಿನ ವಾಷರು ಹರಿದುಹೋಗುತ್ತದೆ.

ಕಬ್ಬಿನ ಗದ್ದೆಗೆ ನುಗ್ಗುವ ಕಾಡುಹಂದಿಗೆ ಇದು ಉಪಯೋಗವೇ ಎಂದು ಕೇಳುವವರಿದ್ದಾರೆ. ನಮ್ಮ ಸರ್ಕಾರಿ ಕಾರ್ಖಾನೆಯ .315 ರೈಫಲಿನ ಗುಂಡಿನ ಶಕ್ತಿ ಎರಡು ಸಾವಿರ ಜೂಲ್ ದಾಟುತ್ತದೆ. ಇಪ್ಪತ್ತು ಜೂಲಿನ ಛರ್ರೆ ಹಂದಿಯನ್ನು ಓಡಿಸದು, ಗಾಯ ಮಾಡಿ ನರಳಿಸುತ್ತದೆ. ಹಕ್ಕಿಗಳನ್ನು ಹೊಡೆಯುವುದು ವನ್ಯಜೀವಿ ಕಾಯಿದೆಯಡಿ ಅಪರಾಧ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ ಚಿಂಕಾರ ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಆಯುಧ ಹಿಡಿದು ಕಾಲಿಡುವುದೇ ತಪ್ಪು.

ಬಂದೂಕನ್ನು ನಮಗೆ ಬೇಕಾದಂತೆ ಮಾಡಿಕೊಳ್ಳಬಾರದೇ? ಖಂಡಿತ ಮಾಡಿಕೊಳ್ಳಬಹುದು, ಜೋರಿನಲ್ಲಲ್ಲ, ಅಳತೆಯಲ್ಲಿ. ಪಕ್ಕದ ಕೊಲ್ಲಾಪುರ ಜಿಲ್ಲೆಯ ಕಂಬಳವಾಡಿಯ ಸ್ವಪ್ನಿಲ್ ಕುಸಾಳೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲಿನಲ್ಲಿ ಕಂಚು ಗೆದ್ದದ್ದು ನೆನಪಿರಬೇಕು. ಆ ಮಟ್ಟದ ರೈಫಲುಗಳಲ್ಲಿ ಭುಜಕ್ಕೆ ಆನಿಸುವ ಪಟ್ಟಿ, ಕೆನ್ನೆಯಿಡುವ ಹಲಗೆ, ಹಿಡಿ ಎಲ್ಲವೂ ತಿರುಪಿನಿಂದ ಹಿಂದುಮುಂದು, ಮೇಲೆಕೆಳಗೆ ಸರಿಯುತ್ತವೆ. ಹತ್ತು ಮೀಟರ್ ಗಾಳಿ ರೈಫಲಿನ ಪಂದ್ಯದಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್. ಅದನ್ನು ಹೊಡೆಯುವ ಬಂದೂಕಿಗೆ ಇಪ್ಪತ್ತು ಜೂಲಿನ ಅರ್ಧವೂ ಬೇಕಿಲ್ಲ. ಅಂಥವು ಲಕ್ಷ ರೂಪಾಯಿ ದಾಟುತ್ತವೆ, ನಿಜ. ಆದರೆ ಅಗ್ಗದ ಬಂದೂಕಿನ ಹಿಂತುದಿಗೂ ರಬ್ಬರ್ ಪಟ್ಟಿ ಸೇರಿಸಿ ಉದ್ದವನ್ನು ನಿಮ್ಮ ತೋಳಿಗೆ ಹೊಂದಿಸಬಹುದು, ಕೆನ್ನೆಯ ಜಾಗಕ್ಕೆ ತೊಗಲು ಕಟ್ಟಿ ಕಣ್ಣು ಸೈಟಿನ ನೇರಕ್ಕೆ ಬರುವಂತೆ ಮಾಡಬಹುದು. ಸ್ಪ್ರಿಂಗ್ ಬಂದೂಕನ್ನು ಬಿಗಿಯಾಗಿ ಹಿಡಿಯಬೇಡಿ. ಎಡ ಅಂಗೈ ಮೇಲೆ ಸಡಿಲವಾಗಿ ಮಲಗಿಸಿ, ಅದು ಪ್ರತಿ ಸಲವೂ ಒಂದೇ ತೆರನಾಗಿ ಕುಲುಕಲಿ.

ಕೊಳ್ಳುವಾಗ ದುರ್ಬೀನಿಗೆ, ಬಣ್ಣಕ್ಕೆ ಮರುಳಾಗದೆ ನಳಿಗೆ ನೋಡಿ. ಮಡಚಿ ನೆಟ್ಟಗೆ ಮಾಡಿ, ತುದಿ ಹಿಡಿದು ಅಕ್ಕಪಕ್ಕ ಅಲುಗಿಸಿ. ಕೀಲು ಗಡಗಡ ಅಂದರೆ ಬೇಡ. ಉಳಿಸಿದ ಹಣದಲ್ಲಿ ಮೂರು ನಾಲ್ಕು ಬಗೆಯ ಛರ್ರೆ ಡಬ್ಬಿ ತಂದು, ಹಿಂದೆ ಮರಳಿನ ಚೀಲಗಳನ್ನು ಪೇರಿಸಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಒಂದೊಂದು ಬಗೆಗೂ ಐದೈದು ಈಡು ಕಾಗದದ ಮೇಲೆ ಹೊಡೆಯಿರಿ. ಒಂದೇ ಕಂಪನಿಯ ಎರಡು ಬಂದೂಕುಗಳಿಗೂ ಒಂದೇ ಛರ್ರೆ ಹೊಂದಬೇಕೆಂದಿಲ್ಲ. ಯಾವುದರ ಐದೂ ತೂತು ಹತ್ತಿರ ಹತ್ತಿರ ಬಿದ್ದವೋ ಆ ಡಬ್ಬಿಯ ಹೆಸರು ಬರೆದಿಟ್ಟುಕೊಳ್ಳಿ. ತೂತುಗಳು ಚುಕ್ಕೆಯಿಂದ ದೂರ ಬಿದ್ದಿದ್ದರೆ ಚಿಂತೆ ಬೇಡ, ಅದು ಸೈಟಿನ ತಿರುಪಿನ ಕೆಲಸ.