ಗುಂಪಿಗೂ ಒಂದು ಲೆಕ್ಕ ಇದೆ

ವಿದ್ಯಾರಣ್ಯಪುರದಲ್ಲಿ ಬೆಳಗ್ಗೆ ಯಾರೂ ಪಕ್ಕದ ಮನೆಯವರನ್ನ ಕೇಳಿ ಹೊರಡೋದಿಲ್ಲ. ಆದರೂ ಬಿಇಎಲ್ ಸರ್ಕಲ್‌ನಲ್ಲಿ ಯಾವಾಗ ಜಾಮ್ ಆಗುತ್ತೆ ಅಂತ ಆಟೋದವರಿಗೆ ಗೊತ್ತು. ಹೇಗೆ? ನಿರ್ಧಾರ ಒಬ್ಬೊಬ್ಬರದ್ದೇ, ಆದರೆ ಸ್ಕೂಲ್ ಬೆಲ್ಲು, ಆಫೀಸ್ ಟೈಮು, ಇರೋ ರಸ್ತೆ ಎಲ್ಲರಿಗೂ ಒಂದೇ. ಇವತ್ತು ಒಬ್ಬ ರಜೆ ಹಾಕಿದರೆ ನಾಳೆ ಇನ್ನೊಬ್ಬ. ಸಾವಿರಾರು ಜನರಲ್ಲಿ ಆ ಹೆಚ್ಚುಕಮ್ಮಿ ಸರಿಹೋಗುತ್ತದೆ.

2025ರ ಜೂನ್ 4ರಂದು ಆರ್‌ಸಿಬಿ ವಿಜಯೋತ್ಸವಕ್ಕೆ ಬಂದವರೂ ಹೀಗೇ, ಅವರವರೇ ತೀರ್ಮಾನಿಸಿ ಹೊರಟವರು. ಹದಿನೆಂಟನೇ ಸೀಸನ್‌ನಲ್ಲಿ ಸಿಕ್ಕ ಮೊದಲ ಕಪ್, ಒಂದೇ ಸ್ಟೇಡಿಯಂ, ಒಂದೇ ಸಂಜೆ. ಸುಮಾರು 35 ಸಾವಿರ ಜನ ಹಿಡಿಯುವ ಚಿನ್ನಸ್ವಾಮಿ ಸುತ್ತ ಲಕ್ಷಾಂತರ ಜನ. ಕಾಲ್ತುಳಿತಕ್ಕೆ 11 ಮಂದಿ ಬಲಿ. ಇಷ್ಟು ಜನ ಬರ್ತಾರೆ ಅಂದುಕೊಂಡಿರಲಿಲ್ಲ ಅಂದರೆ ಒಪ್ಪೋಕಾಗಲ್ಲ ಸ್ವಾಮಿ. ಯಾರು ಬರ್ತಾರೆ ಅಂತ ಹೇಳೋಕಾಗಲ್ಲ, ನಿಜ. ಎಷ್ಟು ಬರಬಹುದು ಅಂತ ಅಂದಾಜು ಮಾಡಬಹುದಿತ್ತು.