ಪೆಂಗ್ವಿನ್ ಹಿಕ್ಕೆಯ ಮೇಲೆ ಬೆಳೆದ ಹಾವಸೆ

ದಾಬೋಲಿಮ್‌ನಲ್ಲಿ ವಿಮಾನ ಇಳಿದವರಲ್ಲಿ ಹೆಚ್ಚಿನವರು ಬೀಚಿನ ದಾರಿ ಹಿಡಿಯುತ್ತಾರೆ. ಹುಬ್ಬಳ್ಳಿ, ಕಾರವಾರದ ಕಡೆಯಿಂದ ರೈಲಿನಲ್ಲೋ ಬಸ್ಸಿನಲ್ಲೋ ಬರುವ ನಮ್ಮವರು ದುಡಿಮೆ ಹುಡುಕಿಕೊಂಡು ಪಕ್ಕದ ವಾಸ್ಕೋದಲ್ಲಿ ಇಳಿಯುತ್ತಾರೆ. ಅದೇ ವಾಸ್ಕೋ ಪೇಟೆ ದಾಟಿದರೆ, ಮರ್ಮಗೋವಾ ಬಂದರಿನ ಮೇಲ್ಗಡೆ, ಕಡಲಿನೊಳಕ್ಕೆ ಚಾಚಿಕೊಂಡ ಗುಡ್ಡವೊಂದಿದೆ. ಹೆಡ್‌ಲ್ಯಾಂಡ್ ಸಡಾ ಎಂದು ಅದರ ಹೆಸರು. ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಅಲ್ಲಿ. ಮೇ ತಿಂಗಳ ಸೆಕೆಗೆ ಹೊರಗೆ ಬೆವರು ಇಳಿಯುತ್ತಿರುವಾಗ ಒಳಗಿನ ಒಂದು ಪ್ರಯೋಗಾಲಯದಲ್ಲಿ ಮೈನಸ್ 20 ಡಿಗ್ರಿ ಚಳಿ. ಅಂಟಾರ್ಕ್ಟಿಕಾದಲ್ಲಿ ಕೊರೆದು ತೆಗೆದ ಹಿಮದ ಕಂಬಗಳು ಕರಗದಂತೆ ಅಲ್ಲಿ ಕಾದಿರಿಸಲಾಗುತ್ತದೆ. ಭಾರತದ ಅಂಟಾರ್ಕ್ಟಿಕಾ ಯಾನಗಳನ್ನೆಲ್ಲ ಏರ್ಪಡಿಸುವುದು ಈ ಕೇಂದ್ರವೇ. ಯಾರು ಹೋಗಬೇಕು, ಏನು ಒಯ್ಯಬೇಕು, ಏನು ತರಬಹುದು ಎಂಬುದೆಲ್ಲ ನಿರ್ಧಾರವಾಗುವುದು ಈ ಗುಡ್ಡದ ಮೇಲೆ. ಒಂದು ಹಿಡಿ ಹಾವಸೆಯ ಕತೆ ಹೇಳಲು ಇಲ್ಲಿಂದ ಹೊರಡುತ್ತಿರುವುದು ಅದಕ್ಕೇ.

ಈ ಕೇಂದ್ರ ಹುಟ್ಟಿದ್ದು 1998ರಲ್ಲಿ. ಆದರೆ ದಾರಿ ತೆರೆದದ್ದು ಅದಕ್ಕಿಂತ ಬಹಳ ಮೊದಲು, ಕೆಳಗಿನ ಬಂದರಿನಿಂದ. 1981ರ ಡಿಸೆಂಬರ್ 6ರಂದು ‘ಪೋಲಾರ್ ಸರ್ಕಲ್’ ಎಂಬ ನಾರ್ವೆಯ ಬಾಡಿಗೆ ಹಡಗು ಮರ್ಮಗೋವಾದಿಂದ ಹೊರಟಿತು. ಒಳಗಿದ್ದವರು 21 ಮಂದಿ. ಮುಂದಾಳು ಸಾಗರವಿಜ್ಞಾನಿ ಸೈಯದ್ ಜಹೂರ್ ಖಾಸಿಂ. ಗೋವೆಯ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿದ್ದವರು. ಯಾನದ ಸುದ್ದಿ ಹೊರಗೆ ಬಾರದಂತೆ ನೋಡಿಕೊಳ್ಳಲಾಗಿತ್ತು. 1982ರ ಜನವರಿ 9ರಂದು ತಂಡ ಹಿಮದ ಮೇಲೆ ಕಾಲಿಟ್ಟಿತು. ಫೆಬ್ರವರಿಯಲ್ಲಿ ಗೋವೆಗೆ ಮರಳಿತು. ಎರಡು ವರ್ಷಗಳಲ್ಲಿ ‘ದಕ್ಷಿಣ ಗಂಗೋತ್ರಿ’ ನೆಲೆ ಎದ್ದಿತು. ಅದನ್ನು ಕಟ್ಟಿದ ಮೂರನೆಯ ಯಾನದಲ್ಲಿ ಇಬ್ಬರು ಮಹಿಳೆಯರಿದ್ದರು: ಭೂವಿಜ್ಞಾನಿ ಸುದೀಪ್ತಾ ಸೇನ್‌ಗುಪ್ತ ಮತ್ತು ಗೋವೆಯದೇ ಸಾಗರ ಸಂಸ್ಥೆಯ ಅದಿತಿ ಪಂತ್. ಹಿಮದ ಹಾಸಿನ ಮೇಲೆ ಕಟ್ಟಿದ್ದ ಆ ನೆಲೆ ಹಿಮದಲ್ಲೇ ಹೂತುಹೋಯಿತು. ಅಷ್ಟರಲ್ಲಿ ಶಿರ್ಮಾಖರ್ ಎಂಬಲ್ಲಿ ಗಟ್ಟಿ ಬಂಡೆಯ ಮೇಲೆ ‘ಮೈತ್ರಿ’ ನಿಂತಿತ್ತು. ಮೂರನೆಯ ನೆಲೆ ‘ಭಾರತಿ’ ಆರಂಭವಾದದ್ದು 2012ರ ಮಾರ್ಚ್‌ನಲ್ಲಿ, ಮೈತ್ರಿಯಿಂದ ಸುಮಾರು 3,000 ಕಿಲೋಮೀಟರ್ ಪೂರ್ವಕ್ಕೆ. ಸಾಮಾನು ತುಂಬಿ ಸಾಗಿಸಿದ 134 ಕಂಟೇನರ್‌ಗಳನ್ನೇ ಜೋಡಿಸಿ, ಮೇಲೊಂದು ಹೊದಿಕೆ ಹಾಕಿ ಕಟ್ಟಿದ ಮನೆ ಅದು.

ಭಾರತಿ ನಿಂತ ಜಾಗವನ್ನು ಸ್ವಲ್ಪ ನಿಂತು ನೋಡಬೇಕು. ಪ್ರಿಡ್ಜ್ ಕೊಲ್ಲಿಯ ದಂಡೆಯಲ್ಲಿರುವ ಲಾರ್ಸ್‌ಮನ್ ಗುಡ್ಡಗಳು ಸುಮಾರು 40 ಚದರ ಕಿಲೋಮೀಟರ್ ಬರಿಗಲ್ಲಿನ ನೆಲ. ಖಂಡದ ನೂರರಲ್ಲಿ ತೊಂಬತ್ತೆಂಟು ಪಾಲಿಗೂ ಹೆಚ್ಚು ಹಿಮ ಮುಚ್ಚಿರುವಾಗ ಇಂಥ ಬಂಡೆನೆಲ ಸಿಗುವುದೇ ಅಪರೂಪ. ಸಮುದ್ರ ಅಲ್ಲಿ ಬೆರಳು ತೂರಿಸಿದ ಹಾಗೆ ಗುಡ್ಡಗಳ ನಡುವೆ ನುಗ್ಗಿ ಕಡಿದಾದ ಫಿಯೋರ್ಡ್‌ಗಳಾಗಿದೆ. ಎದುರಿಗೆ ಚದುರಿದ ನಡುಗಡ್ಡೆಗಳು, ಒಳಗೆ ನೂರೈವತ್ತಕ್ಕೂ ಹೆಚ್ಚು ಸಣ್ಣ ಕೆರೆಗಳು. ಭಾರತಿಯ ಒಂದು ಮಗ್ಗುಲಿಗೆ ಥಾಲಾ ಫಿಯೋರ್ಡ್, ಇನ್ನೊಂದಕ್ಕೆ ಕ್ವಿಲ್ಟಿ ಕೊಲ್ಲಿ. ಈ ಗುಡ್ಡಗಳನ್ನು ಮೊದಲು ಕಂಡು ಹೆಸರಿಟ್ಟವನು ನಾರ್ವೆಯ ಕಪ್ತಾನ ಕ್ಲಾರಿಯಸ್ ಮಿಕೆಲ್ಸೆನ್, 1935ರಲ್ಲಿ. ತಿಮಿಂಗಿಲ ಬೇಟೆಯ ಕಾಲ ಅದು. ಅದೇ ಪಯಣದಲ್ಲಿ ಜತೆಗಿದ್ದ ಅವನ ಹೆಂಡತಿ ಕ್ಯಾರೊಲಿನ್ ಹತ್ತಿರದ ಟ್ರೈನೆ ದ್ವೀಪಗಳಲ್ಲಿ ಇಳಿದಳು. ಅಂಟಾರ್ಕ್ಟಿಕಾದ ನೆಲ ಮುಟ್ಟಿದ ಮೊದಲ ಹೆಣ್ಣೆಂದು ಆಕೆಯನ್ನು ಬಹಳ ಕಾಲ ಎಣಿಸಿದರು. ಅದು ದ್ವೀಪವೇ ಹೊರತು ಖಂಡದ ನೆಲವಲ್ಲ ಎಂಬ ತಕರಾರು ಆಮೇಲೆ ಬಂತು.

ಈಗ ಅಂಟಾರ್ಕ್ಟಿಕಾ ಎಂದೊಡನೆ ಹಣವಂತರ ಮನಸ್ಸಿಗೆ ಬರುವುದು ಐಷಾರಾಮಿ ಹಡಗು. ಪ್ರವಾಸ ಉದ್ಯಮಿ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ 1966ರಲ್ಲಿ ಪ್ರವಾಸಿಗಳ ಒಂದು ಗುಂಪನ್ನು ಅಲ್ಲಿಗೆ ಕರೆದೊಯ್ದ. ಮೂರು ವರ್ಷ ಕಳೆದು ಇಂಥ ಯಾನಕ್ಕೆಂದೇ ಕಟ್ಟಿಸಿದ ಅವನ ಪುಟ್ಟ ಕೆಂಪು ಹಡಗು ನೀರಿಗಿಳಿಯಿತು. 2022–23ರ ಬೇಸಿಗೆಯ ಹೊತ್ತಿಗೆ ಪ್ರವಾಸಿಗಳ ಸಂಖ್ಯೆ ವರ್ಷಕ್ಕೆ ಒಂದು ಲಕ್ಷ ದಾಟಿತ್ತು. ಹೆಚ್ಚಿನವರು ಹೋಗುವುದು ದಕ್ಷಿಣ ಅಮೆರಿಕದ ತುದಿಗೆ ಹತ್ತಿರವಿರುವ ಪರ್ಯಾಯದ್ವೀಪಕ್ಕೆ. ಬೆಚ್ಚನೆಯ ಕೋಣೆ, ಗಾಜಿನ ಗೋಡೆಯ ಆಚೆ ತಿಮಿಂಗಿಲ, ರಬ್ಬರ್ ದೋಣಿಯಲ್ಲಿ ದಡಕ್ಕೆ ಹೋಗಿ ಪೆಂಗ್ವಿನ್‌ಗಳ ನಡುವೆ ಒಂದೆರಡು ತಾಸು. ಇದನ್ನು ನಾನು ಹಳಿಯಲಾರೆ. ಪೆಂಗ್ವಿನ್‌ಗಳ ಊರನ್ನು ಕಣ್ಣಾರೆ ಕಂಡವರು ಅದರ ಪರವಾಗಿ ಮಾತಾಡುವವರಾಗಿ ಬರುವುದುಂಟು. ಆದರೆ ದೊಡ್ಡದನ್ನು, ಓಡಾಡುವುದನ್ನು ನೋಡಲು ಹೋದ ಕಣ್ಣಿಗೆ ಕಾಲಡಿಯದು ಬೀಳುವುದು ಕಷ್ಟ. ನಮ್ಮ ಕತೆಯ ಹಾವಸೆ ಕಾಲಡಿಯಲ್ಲಿತ್ತು.

2017ರ ಜನವರಿ. ಭಾರತದ 36ನೆಯ ಯಾನದಲ್ಲಿ ಭಾರತಿಗೆ ಹೋದವರಲ್ಲಿ ಬಠಿಂಡಾದ ಪಂಜಾಬ್ ಕೇಂದ್ರೀಯ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿ ಫೆಲಿಕ್ಸ್ ಬಾಸ್ಟ್ ಒಬ್ಬರು. ಆ ಹೊತ್ತಿಗೆ ಭಾರತದವರು ಅಲ್ಲಿಗೆ ಹೋಗಲು ತೊಡಗಿ ಮೂವತ್ತೈದು ವರ್ಷ ಕಳೆದಿತ್ತು. ಹವೆ, ಹಿಮ, ಬಂಡೆ, ಭೂಕಾಂತತೆ ಹೀಗೆ ಹಲವು ದಿಕ್ಕಿನಲ್ಲಿ ಕೆಲಸ ನಡೆದಿತ್ತು. ಹೊಸ ಗಿಡವೊಂದನ್ನು ಮಾತ್ರ ಯಾರೂ ಗುರುತಿಸಿರಲಿಲ್ಲ. ಗಿಡ ಹುಡುಕಲು ಅಲ್ಲಿಗೇಕೆ ಹೋಗಬೇಕು ಎನ್ನಿಸುವುದು ಸಹಜ. ಇಡೀ ಖಂಡಕ್ಕೆ ಸೇರಿ ಹೂ ಬಿಡುವ ಸ್ಥಳೀಯ ಸಸ್ಯಗಳು ಎರಡೇ: ಒಂದು ಹುಲ್ಲು, ಒಂದು ದಿಂಬಿನಂತೆ ಒತ್ತಾಗಿ ಬೆಳೆಯುವ ಪುಟ್ಟ ಗಿಡ. ಎರಡೂ ಪರ್ಯಾಯದ್ವೀಪದ ಕಡೆಯವು. ಪೂರ್ವದ ಈ ದಂಡೆಯಲ್ಲಿ ಹಾವಸೆ, ಕಲ್ಲುಹೂವು, ಪಾಚಿ ಬಿಟ್ಟರೆ ಹಸಿರೆಂಬುದೇ ಇಲ್ಲ.

ಜನವರಿ ಅಲ್ಲಿ ನಡುಬೇಸಿಗೆ. ಸೂರ್ಯ ಮುಳುಗದ ದಿನಗಳು. ಬಂಡೆಗಳ ಮೇಲಿನ ಹಿಮ ಕರಗಿ ನೀರು ಎಳೆಎಳೆಯಾಗಿ ಇಳಿಯುತ್ತದೆ. ಸಮುದ್ರಕ್ಕೆ ಮುಖಮಾಡಿದ ಒಂದು ಕಲ್ಲುನೆಲದಲ್ಲಿ ಬಾಸ್ಟ್ ಅವರಿಗೆ ಕಡುಹಸಿರು ಹಾವಸೆ ಸಿಕ್ಕಿತು. ನೆಲೆಯಿಂದ ದೂರವೇನೂ ಅಲ್ಲ. ಅನುಮತಿಯಿಲ್ಲದೆ ಅಲ್ಲಿನ ಗಿಡವನ್ನು ಕೀಳುವಂತಿಲ್ಲ; 1991ರ ಮ್ಯಾಡ್ರಿಡ್ ಒಪ್ಪಂದದ ಕಟ್ಟಳೆ ಅದು. ನಿಯಮದೊಳಗೆ ಮಾದರಿ ತೆಗೆದು ಬಠಿಂಡಾಕ್ಕೆ ತಂದರು.

ಹಾವಸೆಯನ್ನು ಬರಿಗಣ್ಣಿನಲ್ಲಿ ನೋಡಿದರೆ ಹಸಿರು ಮಖಮಲ್ಲಿನ ತುಂಡು, ಅಷ್ಟೇ. ಕೈಮಸೂರ ಹಿಡಿದರೆ ಅದೊಂದು ಕಾಡು. ಒಂದೊಂದು ಚಿಗುರೂ ಒಂದು ಗಿಡ. ಕಾಂಡದ ಸುತ್ತ ಎಲೆಗಳು, ಎಲೆಗೆ ನಡುನರ. ನರ ಬಿಟ್ಟರೆ ಉಳಿದ ಎಲೆಯ ದಪ್ಪ ಬಹುತೇಕ ಒಂದೇ ಒಂದು ಜೀವಕೋಶ. ನೀರು ಹೀರುವ ಬೇರಿಲ್ಲ. ನೆಲ ಕಚ್ಚಿ ಹಿಡಿಯಲು ಕೂದಲಿನಂಥ ಎಳೆಗಳಿವೆ. ನೀರು, ಗೊಬ್ಬರ ಎಲ್ಲವನ್ನೂ ಎಲೆಯ ಮೈಯಿಂದಲೇ ಕುಡಿಯಬೇಕು. ನೀರು ನಿಂತರೆ ಒಣಗಿ ಮುದುಡುತ್ತದೆ, ಸಾಯುವುದಿಲ್ಲ. ದಾಬೋಲಿಮ್‌ನ ಚಿರೆಕಲ್ಲಿನ ಕಾಂಪೌಂಡುಗಳ ಮೇಲೆ ಏಪ್ರಿಲ್‌ನಲ್ಲಿ ಕಂದಿ ಪುಡಿಯಾದಂತಿದ್ದ ಹಾವಸೆ ಜೂನ್ ಮೊದಲ ಮಳೆಗೆ ಹಸಿರಾಗುವುದಿಲ್ಲವೇ? ಅದೇ ವಿದ್ಯೆ. ಅಲ್ಲಿ ಮಾತ್ರ ಬೇಸಿಗೆಯ ಬದಲು ಕತ್ತಲೆಯ ಚಳಿಗಾಲವನ್ನು ದಾಟಬೇಕು. ಈ ವಿದ್ಯೆ ಎಷ್ಟು ದೂರ ನಡೆಯುತ್ತದೆ ಎಂಬುದಕ್ಕೆ ಅಂಟಾರ್ಕ್ಟಿಕಾದ ಸಿಗ್ನಿ ದ್ವೀಪದ ಸಾಕ್ಷಿಯಿದೆ. 1,500 ವರ್ಷಕ್ಕೂ ಹೆಚ್ಚು ಕಾಲ ಹೆಪ್ಪುಗಟ್ಟಿದ ನೆಲದೊಳಗಿದ್ದ ಹಾವಸೆಯನ್ನು ಬ್ರಿಟಿಷ್ ವಿಜ್ಞಾನಿಗಳು ಹೊರತೆಗೆದು ಬೆಳಕು, ತೇವ ಕೊಟ್ಟಾಗ ಅದು ಹೊಸ ಚಿಗುರು ಬಿಟ್ಟಿತು. 2014ರಲ್ಲಿ ಅದರ ವರದಿ ಬಂತು.

ಬಾಸ್ಟ್ ತಂಡದ ಮುಂದೆ ಎರಡು ಪ್ರಶ್ನೆಗಳಿದ್ದವು. ಬೆಳಕು ಸರಿ, ನೀರು ಸರಿ, ಈ ಹಾವಸೆಗೆ ಸಾರಜನಕ ಎಲ್ಲಿಂದ? ಗಿಡ ಬದುಕಲು ರಂಜಕ, ಪೊಟ್ಯಾಸಿಯಂ ಜತೆಗೆ ಸಾರಜನಕವೂ ಬೇಕು. ಇಲ್ಲಿರುವುದು ಬಂಡೆ ಮತ್ತು ಮರಳು. ಕೊಳೆತು ಗೊಬ್ಬರವಾಗಲು ತರಗೆಲೆಯೂ ಇಲ್ಲ. ಹಾವಸೆ ಎಲ್ಲೆಲ್ಲಿ ಬೆಳೆದಿದೆ ಎಂದು ನೋಡಿದಾಗ ಉತ್ತರ ಸಿಕ್ಕಿತು: ಹೆಚ್ಚಾಗಿ ಪೆಂಗ್ವಿನ್‌ಗಳು ಗುಂಪುಗೂಡಿ ಮರಿ ಮಾಡುವ ಕಡೆಗಳಲ್ಲಿ. ಅದು ಉಣ್ಣುತ್ತಿದ್ದುದು ಪೆಂಗ್ವಿನ್ ಹಿಕ್ಕೆಯನ್ನು.

ಈ ಆವಿಷ್ಕಾರದಲ್ಲಿ ನನಗೆ ಹೊಸ ಹೆಸರಿಗಿಂತ ದೊಡ್ಡದಾಗಿ ಕಾಣುವುದು ಈ ಉತ್ತರ. ದಕ್ಷಿಣ ಸಾಗರದಲ್ಲಿ ಕಣ್ಣಿಗೆ ಕಾಣದ ಪಾಚಿಗಳನ್ನು ಕ್ರಿಲ್ ಎಂಬ ಸಿಗಡಿಯಂಥ ಜೀವಿ ತಿನ್ನುತ್ತದೆ. ಕ್ರಿಲ್ಲನ್ನೂ ಮೀನನ್ನೂ ಪೆಂಗ್ವಿನ್ ತಿಂದು ಮರಿಗೆ ಉಣಿಸಲು ದಡಕ್ಕೆ ಬರುತ್ತದೆ. ಹಕ್ಕಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲ ಹೇರಳ. ಸೂಕ್ಷ್ಮಜೀವಿಗಳು ಅದನ್ನು ಒಡೆದಾಗ ಅಮೋನಿಯಾ ಏಳುತ್ತದೆ. ಪೆಂಗ್ವಿನ್ ಕಾಲೊನಿಯ ಆ ಘಾಟು ವಾಸನೆ ಇದರದೇ. ಸ್ವಲ್ಪ ಗಾಳಿಯಲ್ಲಿ ಹಾರಿ ಹಿಮಕ್ಕೆ ಸೇರುತ್ತದೆ, ಸ್ವಲ್ಪ ಕರಗಿದ ನೀರಿನ ಜತೆ ಹರಿಯುತ್ತದೆ, ಒಂದೇ ಕೋಶದ ದಪ್ಪದ ಎಲೆ ಅದನ್ನು ಹೀರುತ್ತದೆ. ಸಮುದ್ರದ ಫಲವತ್ತತೆಯನ್ನು ಹೊಟ್ಟೆಯಲ್ಲಿ ಹೊತ್ತು ಬಂಡೆಯ ಮೇಲೆ ತಂದುಹಾಕುವ ಕೆಲಸ ಹಕ್ಕಿಗಳದು. ಅಷ್ಟು ಚಳಿಯಲ್ಲಿ ಹಿಕ್ಕೆ ಬೇಗ ಕೊಳೆಯದಿರುವುದೂ ಹಾವಸೆಗೆ ಅನುಕೂಲವೇ. ಆಸ್ಟ್ರೇಲಿಯದ ಕೇಸಿ ನೆಲೆಯ ಬಳಿ ಶರನ್ ರಾಬಿನ್‌ಸನ್ ಮತ್ತು ಸಂಗಡಿಗರು ಇನ್ನೂ ಬೆರಗಿನ ಸಂಗತಿ ಕಂಡಿದ್ದಾರೆ: ಅಲ್ಲಿನ ಹಾವಸೆಗೆ ಇಂದಿಗೂ ಗೊಬ್ಬರ ಒದಗಿಸುತ್ತಿರುವುದು ಸಾವಿರಾರು ವರ್ಷಗಳ ಹಿಂದೆ ಅಲ್ಲಿ ಗೂಡು ಕಟ್ಟಿ ಬಿಟ್ಟುಹೋದ ಪೆಂಗ್ವಿನ್‌ಗಳ ಹಿಕ್ಕೆ. ಹಕ್ಕಿ ಹೋಗಿ, ಅದರ ಊರು ಹಾಳುಬಿದ್ದು, ಹಿಕ್ಕೆ ಮಾತ್ರ ಉಳಿದು ಗಿಡವನ್ನು ಸಾಕುತ್ತಿದೆ. ಪೆಂಗ್ವಿನ್‌ಗಳನ್ನು ಕ್ಯಾಮೆರಾದಲ್ಲಿ ಹಿಡಿಯುವವರು ಅವುಗಳ ಕಾಲ ಬುಡದ ಈ ಲೇವಾದೇವಿಯನ್ನೂ ಒಮ್ಮೆ ನೋಡಬೇಕು.

ಎರಡನೆಯ ಪ್ರಶ್ನೆ, ಇದು ಯಾವ ಹಾವಸೆ? ಉತ್ತರಕ್ಕೆ ವರ್ಷಗಳೇ ಹಿಡಿದವು. ಬ್ರಯಮ್ ಕುಲಕ್ಕೆ ಸೇರಿದ್ದೆಂಬುದು ಸ್ಪಷ್ಟವಿತ್ತು. ತೊಡಕು ಅಲ್ಲೇ. ಬ್ರಯಮ್ ದೊಡ್ಡ ಕುಲ. ಪೂರ್ವ ಅಂಟಾರ್ಕ್ಟಿಕಾದಲ್ಲಿ ಅದರ ಬೇರೆ ಪ್ರಭೇದಗಳೂ ಇವೆ. ಚಳಿ, ಗಾಳಿ, ನೀರಿನ ಅಭಾವಕ್ಕೆ ಒಂದೇ ಪ್ರಭೇದ ಒಂದೊಂದು ಕಡೆ ಒಂದೊಂದು ರೂಪ ತಾಳುತ್ತದೆ. ಗುರುತು ಹೇಳುವ ಬೀಜಕಪೆಟ್ಟಿಗೆ ಆ ವಾತಾವರಣದಲ್ಲಿ ಮೂಡುವುದೇ ಅಪರೂಪ. ಹಾಗಾಗಿ ಎಲೆಯ ಆಕಾರ, ಅಂಚು, ಕೋಶಗಳ ಅಳತೆಯನ್ನು ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಹೋಲಿಸಬೇಕಾಯಿತು. ಡಿಎನ್ಎ ತೆಗೆದು, ಅದರ ಸರಣಿ ಓದಿ, ಜಗತ್ತಿನ ಬೇರೆಡೆ ದಾಖಲಾದ ಬ್ರಯಮ್‌ಗಳ ಪಕ್ಕದಲ್ಲಿಟ್ಟು ನೋಡಬೇಕಾಯಿತು. ಯಾವುದಕ್ಕೂ ಹೊಂದದು ಎಂದು ಖಾತ್ರಿಯಾದ ಮೇಲೆ 2021ರಲ್ಲಿ ಇದನ್ನು ಹೊಸ ಪ್ರಭೇದವೆಂದು ಪ್ರಕಟಿಸಿದರು. ಬ್ರಯಮ್ ಭಾರತಿಯೆನ್ಸಿಸ್ ಎಂದು ಕರೆದರು; ನೆಲೆಯ ಹೆಸರೂ ಅದೇ, ಸರಸ್ವತಿಯ ಹೆಸರೂ ಅದೇ. ನಾಲ್ಕು ದಶಕಗಳ ಭಾರತೀಯ ಯಾನದಲ್ಲಿ ಹೀಗೆ ಹೆಸರು ಪಡೆದ ಮೊದಲ ಗಿಡ.

ಪ್ರಕಟಣೆಯೊಂದಿಗೆ ಕೆಲಸ ಮುಗಿಯಲಿಲ್ಲ. ಹೊಸ ಪ್ರಭೇದವೆನ್ನುವುದು ವಿಜ್ಞಾನಿ ಮುಂದಿಡುವ ಒಂದು ವಾದ. ಅದೇ ಮಾದರಿಯನ್ನು ಬೇರೆಯವರು ನೋಡಿ ಒಪ್ಪಬೇಕು, ಇಲ್ಲವೇ ತಿದ್ದಬೇಕು. ಬ್ರಯಮ್‌ನಂಥ ಗೋಜಲಿನ ಕುಲದಲ್ಲಿ ಈ ಪರೀಕ್ಷೆ ಇನ್ನೂ ಬಿಗಿ. ಸುತ್ತಲಿನ ಫಿಯೋರ್ಡ್‌ಗಳಲ್ಲಿ, ಎದುರಿನ ದ್ವೀಪಗಳಲ್ಲಿ ಇದೇ ಹಾವಸೆ ಎಲ್ಲೆಲ್ಲಿ ಇದೆಯೆಂದು ಕಾಲ್ನಡಿಗೆಯಲ್ಲೇ ಹುಡುಕಿ ಗುರುತು ಹಾಕುವ ಕೆಲಸವೂ ಇದೆ.

ಅದಕ್ಕಿಂತ ಅವಸರದ ಕೆಲಸ ಇನ್ನೊಂದು: ಹೊರಗಿನ ಬೀಜ ಅಲ್ಲಿಗೆ ಹೋಗದಂತೆ ತಡೆಯುವುದು. 2007–08ರ ಬೇಸಿಗೆಯಲ್ಲಿ ಅಂಟಾರ್ಕ್ಟಿಕಾಕ್ಕೆ ಹೋದವರ ಬೂಟು, ಚೀಲ, ಬಟ್ಟೆಗಳನ್ನು ಪರಿಶೀಲಿಸಿದ ಅಧ್ಯಯನವೊಂದರಲ್ಲಿ, ಬೀಜ ಹೊತ್ತುಬಂದ ಒಬ್ಬೊಬ್ಬರ ಬಳಿ ಸರಾಸರಿ 9.5 ಬೀಜಗಳು ಸಿಕ್ಕಿದ್ದವು. ತಲೆಗೆ ಲೆಕ್ಕ ಹಾಕಿದರೆ ಪ್ರವಾಸಿಗಳಿಗಿಂತ ವಿಜ್ಞಾನಿಗಳು ತಂದದ್ದೇ ಹೆಚ್ಚು. ಬೇರೆ ಖಂಡಗಳಲ್ಲಿ ಊರೂರಲ್ಲೂ ಬೆಳೆಯುವ ಹುಲ್ಲೊಂದು ಆಗಲೇ ಕಿಂಗ್ ಜಾರ್ಜ್ ದ್ವೀಪದಲ್ಲಿ ಬೇರು ಬಿಟ್ಟಿದೆ. ಬೆಚ್ಚಗಾಗುತ್ತಿರುವ ದಂಡೆಯಲ್ಲಿ ಅಂಥದ್ದಕ್ಕೆ ಜಾಗ ಹೆಚ್ಚುತ್ತದೆ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಹಾವಸೆಗೆ ಪೈಪೋಟಿ ಗೊತ್ತಿಲ್ಲ, ಒಂದು ಬೂಟಿನ ತುಳಿತ ಮಾಯಲು ದಶಕಗಳೇ ಬೇಕು. ಆದ್ದರಿಂದ ಹಡಗಿನ ಕಂಪನಿಗಳು ಈಗ ಇಳಿಯುವ ಮೊದಲು ಪ್ರವಾಸಿಗಳ ಬೂಟು ತೊಳೆಸುತ್ತವೆ, ಒಂದು ಜಾಗದಲ್ಲಿ ಒಮ್ಮೆಗೆ ನೂರಕ್ಕಿಂತ ಹೆಚ್ಚು ಜನರನ್ನು ಇಳಿಸುವುದಿಲ್ಲ. ಭಾರತವೂ 2022ರಲ್ಲಿ ತನ್ನದೇ ಅಂಟಾರ್ಕ್ಟಿಕಾ ಕಾಯ್ದೆ ತಂದಿತು. ಭಾರತದ ಯಾನದಲ್ಲಿ ಹೋಗುವವರು ವಿಜ್ಞಾನಿಯಾಗಲಿ ಪ್ರವಾಸಿಯಾಗಲಿ ಅನುಮತಿ ಪಡೆದೇ ಹೋಗಬೇಕು. ಸಡಾ ಗುಡ್ಡದಿಂದ ಹೊರಡುವ ಮುಂದಿನ ತಂಡದವರು ತಮ್ಮ ಬೂಟಿನ ಅಡಿಯನ್ನೂ ಜೇಬಿನ ಹೊಲಿಗೆಯನ್ನೂ ಇಲ್ಲೇ ಜಾಡಿಸಿಕೊಂಡು ಹೋಗಲಿ. ಗೋವೆಯ ಹುಲ್ಲಿನ ಬೀಜಕ್ಕೆ ಥಾಲಾ ಫಿಯೋರ್ಡಿನ ದಡದಲ್ಲಿ ಕೆಲಸವಿಲ್ಲ.